ಮೊದಲನೆಯವಳ ಎಡೆ

ಪಿತೃಪಕ್ಷದ ದಿನ ಗಂಡ ತಾನಾಗಿಯೇ ಅಡುಗೆಮನೆಗೆ ಬಂದದ್ದು ಅವಳಿಗೆ ಸೋಜಿಗವೆನಿಸಿತು. ಮದುವೆಯಾದ ಮೇಲೆ ಒಂದು ಲೋಟ ನೀರನ್ನೂ ಕೈಯಾರೆ ತೆಗೆದುಕೊಂಡವನಲ್ಲ. ಇವತ್ತು, ತೀರಿಹೋದ ಮೊದಲ ಹೆಂಡತಿಗೆ ಎಡೆ ಇಡಬೇಕೆಂದು, ಆಕೆಯ ಹಳೆಯ ಏರ್ ಫ್ರೈಯರನ್ನು ಅಟ್ಟದಿಂದ ಇಳಿಸಿ, ಟರ್ಕಿ ಕೋಳಿಯ ಎದೆಮಾಂಸಕ್ಕೆ ಮಸಾಲೆ ಸವರಿ ಒಳಗಿಟ್ಟ.

"ಅಕ್ಕಂಗೆ ಇದು ಅಷ್ಟೊಂದು ಇಷ್ಟಾನಾ?"

"ಇದಂದ್ರೆ ಪ್ರಾಣ. ಕೊನೇ ಸಲ ನಾನೇ ಮಾಡ್ಕೊಟ್ಟಿದ್ದೆ. ತಿಂದು ಮಲಗಿದೋಳು ಏಳ್ಲೇ ಇಲ್ಲ."

ಫ್ರೈಯರ್ ಗುಂಯ್‌ಗುಡುತ್ತಿತ್ತು. ಅವಳು ಅವನತ್ತ ತಿರುಗಿದಳು.

"ನೀವೂ ತಿಂದಿದ್ರಾ?"

"ನಂಗೆ ಟರ್ಕಿ ಸೇರಲ್ಲ."

ಬೆಂದ ಮಾಂಸ ಹೆಚ್ಚುವಾಗ ಉಪ್ಪು ನೋಡಲೆಂದು ಚೂರು ಮುರಿದಳು. ಅವನು ಕೈ ಹಿಡಿದ. "ಎಡೆಗೆ ಮುಂಚೆ ಬಾಯಿಗೆ ಹಾಕ್ಕೋಬಾರ್ದು ಕಣೆ. ಆಮೇಲೆ ಅಷ್ಟನ್ನೂ ನೀನೇ ತಿನ್ನೋದಿದೆಯಲ್ಲ. ಅವಳ ಪ್ರಸಾದ, ಮಿಗಿಸಬಾರ್ದು."

ಮೊದಲನೆಯವಳ ಪಟದ ಮುಂದೆ ಎಡೆ ಇಟ್ಟು, ಪಕ್ಕದಲ್ಲಿ ತಮ್ಮಿಬ್ಬರಿಗೂ ಖಾಲಿ ಎಲೆ ಹಾಕಿದರು. ಸತ್ತವರು ಬಂದು ಉಣ್ಣಲೆಂದು, ವಾಡಿಕೆಯಂತೆ ಬಾಗಿಲೆಳೆದುಕೊಂಡು ಇಬ್ಬರೂ ಹೊರಗೆ ಕೂತರು. ಒಳಗೆ ಬಳೆಯ ಸದ್ದಾಯಿತು. ಅವಳು ತನ್ನ ಕೈ ನೋಡಿಕೊಂಡಳು, ಅಲುಗಿರಲಿಲ್ಲ.

"ಕೇಳಿಸ್ತಾ ರೀ?"

"ಏನೂ ಇಲ್ಲ. ಏಳು, ಹಸಿದಿದ್ದೀಯ."

ಉಣ್ಣುತ್ತಿರುವವರಿಗೆ ಎದ್ದು ಹೋಗಲು ಸೂಚನೆಯಾಗಲೆಂದು ಕೆಮ್ಮಿ, ಬಾಗಿಲು ತಟ್ಟಿ, ತೆರೆದ. ಎಡೆಯಲ್ಲಿ ಅನ್ನ, ವಡೆ, ಕಜ್ಜಾಯ ಇಟ್ಟಂತೆಯೇ ಇದ್ದವು. ಟರ್ಕಿಯ ಅಷ್ಟೂ ತುಂಡುಗಳನ್ನು ಯಾರೋ ಗಂಡನ ಎಲೆಗೆ ಬಡಿಸಿಟ್ಟಿದ್ದರು.