ಗೋಡೆಯ ಮೊದಲ ಮಾತು

ಹೊಸ ಮನೆಯ ಗೋಡೆಗಳು ತಾವು ಕೇಳಿದ ಮೊದಲ ಮಾತನ್ನು ಕಲಿತು, ಬೀಳುವವರೆಗೂ ಅದನ್ನೇ ಒಪ್ಪಿಸುತ್ತವೆ. ಹಾಗಾಗಿ ಮಾರಾಟದ ಮನೆಯೊಳಗೆ ಯಾರೂ ತುಟಿ ಬಿಚ್ಚುವುದಿಲ್ಲ. ಗೃಹಪ್ರವೇಶದ ದಿನ ಹಾಲು ಉಕ್ಕಿದ ಮೇಲೆ ಮನೆಯೊಡತಿ ಒಂದು ಒಳ್ಳೆಯ ಮಾತು ಆಡುತ್ತಾಳೆ.

"ಜೋಡಿಮನೆಯೇ ವಾಸಿ ಕಣೇ. ಗೋಡೆಯ ಆ ಕಡೆ ಅಮ್ಮ, ಈ ಕಡೆ ನಾವು. ಮಗು ನೋಡ್ಕೊಳ್ಳೋಕೂ ಆಯ್ತು," ಎಂದು ಸುಧನ್ವ ಈ ಬಿಡಿಮನೆಯ ಗೇಟಿನಲ್ಲೂ ರಾಗ ಎಳೆದಿದ್ದ. ಹೆಂಡತಿ ವೈಜಯಂತಿಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆಯ ದನಿ ಕೇಳದ ಒಂದು ಮನೆ ಸಿಕ್ಕರೆ ಸಾಕಿತ್ತು ಅವಳಿಗೆ.

ಬ್ರೋಕರ್ ಚೆಲುವರಾಜು ತುಟಿಯ ಮೇಲೆ ಬೆರಳಿಟ್ಟು ಬೀಗ ತೆಗೆದ. ಒಳಗೆ ನಾಲ್ಕೂ ಕಡೆ ಕಿಟಕಿ, ಧಾರಾಳ ಬಿಸಿಲು. ಅವಳಿಗೆ ಮನೆ ಹಿಡಿಸಿತು. ಅಷ್ಟರಲ್ಲಿ ಸುಧನ್ವ ಸೊಂಟ ಹಿಡಿದು, ಅಮ್ಮನಂತೆ ಕುಂಟುತ್ತ ನಡೆದು, ಪಾಪ, ಇಷ್ಟು ದೂರ ಬರಲಾರಳು ಎಂದು ಸನ್ನೆಯಲ್ಲೇ ತೋರಿಸಿದ.

ವೈಜಯಂತಿಯ ಪಿತ್ತ ನೆತ್ತಿಗೇರಿತು. ಕಂಕುಳ ಮಗುವನ್ನು ಸರಿಮಾಡಿಕೊಂಡು, ಮೂಗಿನಿಂದಲೇ ಅತ್ತೆಯ ದನಿ ಹೊರಡಿಸಿದಳು: "ವೈಜೂ, ಮಗೂಗೆ ಟೋಪಿ ಹಾಕಿಲ್ವೇನೇ? ಎಂಥಾ ತಾಯಿಯಮ್ಮಾ ನೀನು."

ಚೆಲುವರಾಜು ತಲೆಯ ಮೇಲೆ ಕೈಹೊತ್ತು ಕೂತ.

"ಗೋಡೆಗೆ ಮಾತು ಕೊಟ್ಟವರೇ ಮನೆ ತಗೋಬೇಕು ಮೇಡಂ. ಇನ್ಯಾರು ತಗೋತಾರೆ ಇದನ್ನ?"

"ಆಯ್ತು, ನಾನೇ ತಗೋತೀನಿ," ಎಂದು ಅವಳು ಹಲ್ಲು ಕಡಿದಳು.

ನಡುಮನೆಯ ಗೋಡೆ ಗಂಟಲು ಸರಿಮಾಡಿಕೊಂಡಿತು. "ವೈಜೂ, ಮಗೂಗೆ ಟೋಪಿ ಹಾಕಿಲ್ವೇನೇ?" ಅಡುಗೆಮನೆಯ ಗೋಡೆ ಮುಂದುವರಿಸಿತು: "ಎಂಥಾ ತಾಯಿಯಮ್ಮಾ ನೀನು."

ಮಗು ಕೇಕೆ ಹಾಕಿ, ಗೋಡೆಯತ್ತ ಎರಡೂ ಕೈ ಚಾಚಿತು. "ಅಜ್ಜಿ."