ಒಲ್ಲೆ ಎಂದವಳು

"ನಿನ್ನ ಮನಸ್ಸಿನಾಗ ಏನದ ಹೇಳವಾ. ಬಾಗಲಾ ಹಾಕೇದ, ಹೊರಗ ಯಾರಿಗೂ ಕೇಳಸಂಗಿಲ್ಲ," ಎಂದರು ವಿಜಾಪುರ ಕಡೆಯ ಡಾಕ್ಟರ್ ದೇಸಾಯಿ.

ಅಣ್ಣ ಮಲ್ಲೇಶಿಗೆ ಕಿಡ್ನಿ ಕೊಡಲೆಂದು ಮನೆಯವರೆಲ್ಲ ಸೇರಿ ಕಸ್ತೂರಿಯನ್ನು ಧನಕವಡಿಯ ಮನೆಯಿಂದ ಈ ಆಸ್ಪತ್ರೆಗೆ ಕರೆತಂದಿದ್ದರು. ನಿನಗೆ ಒಪ್ಪಿಗೆಯೇ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ನನಗ ಭಾಳ ಅಂಜಿಕಿ ಆಗ್ತದ್ರಿ. ನಾ ಒಲ್ಲೆರಿ."

"ಆತು. ಟೆಸ್ಟಿನಾಗ ನಿನ್ನ ಕಿಡ್ನಿ ಹೊಂದೇದ, ಆದ್ರ ಹೊಂದಂಗಿಲ್ಲ ಅಂತ ಅವರಿಗೆ ಹೇಳ್ತೀನಿ. ಖರೇ ಮಾತು ನನ್ನ ಹತ್ರನ ಇರ್ತದ."

ಹೊರಗೆ ಬಂದು ಡಾಕ್ಟರು ಹಾಗೆಯೇ ಹೇಳಿದರು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಕಸ್ತೂರಿ ನಿರಾಳವಾಗಿ ಉಸಿರು ಬಿಡುವಷ್ಟರಲ್ಲಿ ತಂಗಿ ಸುವರ್ಣಾ ಎದ್ದು ನಿಂತಳು. ಮುಂದಿನ ತಿಂಗಳು ಅವಳ ಮದುವೆ.

"ಹಂಗಾದ್ರ ನಂದು ಟೆಸ್ಟ್ ಮಾಡ್ರಿ," ಎಂದು ಚೂಡಿದಾರದ ತೋಳನ್ನು ಮೇಲೆ ಸರಿಸಿದಳು. ಬೇಡ ಎಂದು ಯಾರೂ ಅನ್ನಲಿಲ್ಲ.

ಡಾಕ್ಟರು ಕಸ್ತೂರಿಯ ಕಡೆ ನೋಡಿದರು. ಕಸ್ತೂರಿ ಮುಂದೆ ಬಂದು ತಂಗಿಯ ಚೂಡಿದಾರದ ತೋಳನ್ನು ಮಣಿಕಟ್ಟಿನವರೆಗೂ ಕೆಳಗೆಳೆದಳು.

"ಇನ್ನೊಮ್ಮೆ ನೋಡ್ರಿ ಸರ್," ಎಂದಳು. "ನಂದ ಹೊಂದ್ತದ."