ಆದಾಯವಿಲ್ಲದ ಪೇಟೆ

"ವಯಸ್ಸಾದ ಹೆಂಗಸು, ಕೆಂಪು ಸೀರೆ, ಕೈಯಾಗೊಂದು ಚೀಲ. ನಿನ್ ಕಡೆನೇ ಬರ್ತಾ ಐತೆ," ಎಂದ ಬಟ್ಟೆ ಅಂಗಡಿಯ ಹರೀಶ್ ಫೋನಿನಲ್ಲಿ. "ಇನ್‌ಕಮ್ ಟ್ಯಾಕ್ಸ್ ಕಟ್ತೀರಾ ಅಂತ ಕೇಳ್ತೈತೆ. ಇಲಾಖೆಯೋರು ಈಗ ಇಂಥೋರ್ನ ಕಳ್ಸಿ ಸುದ್ದಿ ತೆಗೀತಾರಂತೆ. ಬಾಯಿ ಬಿಟ್ಟೀಯ, ಜೋಕೆ."

ಹಿರಿಯೂರಿನಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುವ ಜಂಪಣ್ಣ ಫೋನು ಕೆಳಗಿಟ್ಟು ಮೊದಲು ಎ.ಸಿ. ಆರಿಸಿದ. ಆಮೇಲೆ ಉಂಗುರಗಳನ್ನು ಕಿತ್ತು ಡ್ರಾಯರಿಗೆ ಹಾಕಿದ. ಒಂದು ಬರಲಿಲ್ಲ. ಆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

ಅವನು ತೆರಿಗೆ ಕಟ್ಟುತ್ತಿರಲಿಲ್ಲವೆಂದಲ್ಲ. ಪ್ರತಿ ವರ್ಷ ಕಟ್ಟುತ್ತಿದ್ದ. ಕಟ್ಟಬೇಕಾದಷ್ಟು ಕಟ್ಟುತ್ತಿದ್ದೇವೆಯೇ ಎಂದು ಮಾತ್ರ ಅವನೂ ಅವನ ಆಡಿಟರೂ ಒಬ್ಬರನ್ನೊಬ್ಬರು ಕೇಳಿಕೊಂಡಿರಲಿಲ್ಲ. ಹೆಸರಿನ ಆಸೆ ಅವನಿಗೆ ಬಹಳ. ಬಸ್ ನಿಲ್ದಾಣಕ್ಕೆ ಕೊಟ್ಟ ಕಲ್ಲುಬೆಂಚಿನ ಮೇಲೆ ಅವನ ಹೆಸರು ಕೂತವರ ಬೆನ್ನಿನ ಎರಡೂ ಬದಿಗೆ ಕಾಣುವಷ್ಟು ದೊಡ್ಡದಿತ್ತು. ಆದರೂ ಯಾವ ಸಮಾರಂಭಕ್ಕೆ ಹೋದರೂ ಸಿಗುತ್ತಿದ್ದುದು ಎರಡನೇ ಸಾಲಿನ ಕುರ್ಚಿಯೇ.

ಹೆಂಗಸು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಸಿದ್ದಕ್ಕ ಅಂತ. ಧರ್ಮಪುರದಿಂದ ಬಂದೀನಿ."

"ಕುಂತ್ಕಳ್ರಿ."

ಅವಳು ಕೂತು ಅವನ ಮುಖವನ್ನು ದಿಟ್ಟಿಸಿದಳು. "ಹಿಂಗೆ ಬೆವರ್ತಾ ಇದೀರಲ್ಲ. ಬಿ.ಪಿ. ನೋಡಿಸ್ಕಂಡೀರಾ?"

"ಬಿ.ಪಿ. ಎಲ್ಲಿ ಬಂತಮ್ಮ, ಸೆಕೆ. ಫ್ಯಾನ್ ಹಾಕಿದ್ರೆ ಕರೆಂಟ್ ಬಿಲ್ಲು ಬರ್ತೈತೆ."

ಸಿದ್ದಕ್ಕ ತಲೆಯಾಡಿಸಿದಳು. "ಒಂದು ಮಾತು ಕೇಳಾಕೆ ಬಂದೆ. ನೀವು ಇನ್‌ಕಮ್ ಟ್ಯಾಕ್ಸ್ ಕಟ್ತೀರಾ?"

"ಇನ್‌ಕಮ್ ಇದ್ರೆ ತಾನೆ ಟ್ಯಾಕ್ಸು."

ಹಿಂದುಗಡೆ ಯಂತ್ರ ಗಡಗಡ ಸದ್ದು ಮಾಡುತ್ತಿತ್ತು. ಅಂಗಳದಲ್ಲಿ ಲಾರಿಯಿಂದ ಮೂಟೆಗಳು ಇಳಿಯುತ್ತಿದ್ದವು.

"ಮಿಲ್ಲು ಓಡ್ತಾ ಐತಲ್ಲ?"

"ತುಕ್ಕು ಹಿಡೀಬಾರ್ದು ಅಂತ ಓಡಿಸ್ತೀನಿ."

"ಸ್ವಲ್ಪನಾದ್ರೂ ಕಟ್ಟಿರ್ತೀರೇನೋ. ಎಷ್ಟಾದ್ರೂ ಸರಿ."

"ಮನೆದೇವ್ರಾಣೆ, ಒಂದ್ರೂಪಾಯಿನೂ ಇಲ್ಲ."

ಕಟ್ಟಿದ್ದನ್ನೂ ಕಟ್ಟಿಲ್ಲವೆಂದು ಆಣೆಯಿಟ್ಟಿದ್ದಕ್ಕೆ ಅವನಿಗೇ ಒಳಗೆ ಚುರುಕ್ಕೆಂದಿತು. ಆದರೆ ಬಂದ ಗಂಡಾಂತರ ಅಷ್ಟಕ್ಕೇ ಹೋಗುವುದಾದರೆ ಹೋಗಲಿ ಎಂದುಕೊಂಡ.

ಸಿದ್ದಕ್ಕ ನಿಟ್ಟುಸಿರು ಬಿಟ್ಟಳು. "ಬಟ್ಟೆ ಅಂಗ್ಡಿಯೋರಿಗೂ ನಷ್ಟ. ಬಂಗಾರದಂಗ್ಡಿಯೋರಿಗೂ ನಷ್ಟ. ಪೆಟ್ರೋಲ್ ಬಂಕಿನೋರು ಅತ್ತೇಬಿಟ್ರು. ಈ ಪೇಟೆಯಾಗೆ ಇಷ್ಟು ಜನ ಬಡವ್ರು ಅದಾರೆ ಅಂತ ಗೊತ್ತಿರ್ಲಿಲ್ಲ ನನಗೆ."

ಜಂಪಣ್ಣನಿಗೆ ಉಸಿರು ಬಂದಂತಾಯಿತು. "ಅಲ್ಲಮ್ಮ, ಇದನ್ನ ಕೇಳ್ಕಂಡು ಬಾ ಅಂತ ನಿಮ್ಮನ್ನ ಕಳಿಸಿದ್ದು ಯಾರು?"

"ನಮ್ಮೂರೋರು. ಅಲ್ಲಿ ಸರ್ಕಾರಿ ಆಸ್ಪತ್ರೆಯಾಗೆ ಹೊಸ ಹೆರಿಗೆ ವಾರ್ಡು ಕಟ್ಟಿದಾರೆ. ರೋಡು, ಇಸ್ಕೂಲು, ನನ್ನಂಥೋರ ಪೆನ್ಷನ್ನು, ಎಲ್ಲಾ ಟ್ಯಾಕ್ಸ್ ಕಟ್ಟೋರ ದುಡ್ಡಲ್ವೇನ್ರಿ? ಬಾಣಂತಿ ಮಲ್ಗೋ ಮಂಚಾನೂ ಅವರದ್ದೇ. ಅದಕ್ಕೆ ಈ ಸಲ ರಾಜಕೀಯದೋರು ಬ್ಯಾಡ, ಟ್ಯಾಕ್ಸ್ ಕಟ್ಟಿದೋರೊಬ್ರು ಬಂದು ಬಾಗ್ಲು ತೆಗೀಲಿ, ಕಲ್ಲಿನ ಮೇಲೆ ಅವರ ಹೆಸ್ರು ಕೆತ್ತಿಸಾಣ ಅಂತ ಊರಾಗೆ ತೀರ್ಮಾನ ಆಗೈತೆ."

ಜಂಪಣ್ಣನ ಉಂಗುರದ ಕೈ ತಾನಾಗಿಯೇ ಮೇಜಿನ ಮೇಲೆ ಬಂತು. "ಅಮ್ಮ... ಪೂರ್ತಿ ಇಲ್ಲ ಅಂತ ಅಲ್ಲ. ನೆನಪು ಮಾಡ್ಕಂಡ್ರೆ ಕಟ್ಟಿದೀನಿ. ವರ್ಷಾ ವರ್ಷಾ ಕಟ್ತೀನಿ."

"ಬಿಡ್ರಿ. ದೇವ್ರಾಣೆ ಹಾಕಿದ ಮೇಲೆ ನಿಮ್ಮನ್ನ ಇಕ್ಕಟ್ಟಿಗೆ ಸಿಕ್ಕಿಸಬಾರ್ದು." ಸಿದ್ದಕ್ಕ ಚೀಲ ಎತ್ತಿಕೊಂಡು ಎದ್ದಳು.

"ಮತ್ತೆ ಯಾರ ಹೆಸ್ರು ಹಾಕಿಸ್ತೀರಿ?" ಅವನ ದನಿ ಸಣ್ಣಗಾಗಿತ್ತು.

"ನಂದೇ," ಎಂದಳು ಸಿದ್ದಕ್ಕ, ಚಪ್ಪಲಿ ಮೆಟ್ಟುತ್ತಾ. "ಅದೇ ಆಸ್ಪತ್ರೆಯಾಗೆ ನರ್ಸ್ ಆಗಿದ್ದೆ. ವರ್ಷಾ ವರ್ಷಾ ಸಂಬ್ಳದಾಗೆ ಟ್ಯಾಕ್ಸ್ ಮುರ್ಕಂತಿದ್ರು. ಊರೋರು ಮೊದ್ಲೇ ನನ್ನ ಹೆಸ್ರು ಹೇಳಿದ್ರು. ನನಗಿಂತ ಜಾಸ್ತಿ ಕಟ್ಟಿದೋರು ಪೇಟೆಯಾಗೆ ಇರ್ತಾರೆ, ಒಂದ್ಸಲ ಕೇಳ್ಕಂಡು ಬರ್ತೀನಿ ತಡೀರಿ ಅಂತ ನಾನೇ ಅಂದಿದ್ದೆ."